ಐಸ್‌ಲ್ಯಾಂಡ್ ಫುಟ್‌ಬಾಲ್ ಲೀಗ್ 2014: ಸೋತದ್ದು ಒಂದೇ ಪಂದ್ಯ, ಕಪ್ಪೇ ಹೋಯಿತು

ಗೌತಮಪುರ_10

ಸೀಸನ್ ಪೂರ್ತಿ ಒಂದೇ ಪಂದ್ಯ ಸೋತೂ ಎರಡನೇ ಸ್ಥಾನಕ್ಕೆ ಇಳಿದ ತಂಡ ಅಂದರೆ ಎಲ್ಲರೂ 2018-19ರ ಲಿವರ್‌ಪೂಲ್ ಹೆಸರು ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಹೊಟ್ಟೆ ಉರಿಸುವ ಕಥೆ ಇನ್ನೊಂದಿದೆ. ಐಸ್‌ಲ್ಯಾಂಡ್‌ನ ಎಫ್‌ಎಚ್, 2014. ಇವರ ಆ ಒಂದು ಸೋಲು ಬಂದದ್ದು ಸೀಸನ್ನಿನ ಕೊನೇ ಪಂದ್ಯದಲ್ಲಿ, ಸ್ವಂತ ಮೈದಾನದಲ್ಲಿ, 93ನೇ ನಿಮಿಷದಲ್ಲಿ. ಎದುರಿಗೆ ಇದ್ದದ್ದು ಪಕ್ಕದ ಊರಿನ ಸ್ಟ್ಯಾರ್ನನ್. ಅವರು ಕೂಡ ಅಲ್ಲಿಯವರೆಗೆ ಒಂದೂ ಪಂದ್ಯ ಸೋತಿರಲಿಲ್ಲ.

ಲೆಕ್ಕ ನೋಡಿ. 12 ತಂಡ, ಪ್ರತಿಯೊಬ್ಬರಿಗೂ 22 ಪಂದ್ಯ. ಗೆಲುವಿಗೆ 3 ಅಂಕ, ಡ್ರಾಗೆ 1. 21 ಮುಗಿದಾಗ ಎಫ್‌ಎಚ್ 15 ಗೆಲುವು, 6 ಡ್ರಾ, 51 ಅಂಕ. ಸ್ಟ್ಯಾರ್ನನ್ 14 ಗೆಲುವು, 7 ಡ್ರಾ, 49 ಅಂಕ. ಕೊನೇ ಸುತ್ತಿನಲ್ಲಿ ಇವರಿಬ್ಬರೇ ಮುಖಾಮುಖಿ. ಎಫ್‌ಎಚ್‌ಗೆ ಡ್ರಾ ಸಾಕು. 2014ರ ಅಕ್ಟೋಬರ್ 4, ಕಾಪ್ಲಾಕ್ರಿಕಿ ಮೈದಾನ, 6,450 ಜನ. ಸ್ಟ್ಯಾರ್ನನ್ 2, ಎಫ್‌ಎಚ್ 1.

ಎರಡು ತಂಡಕ್ಕೂ ಕೊನೆಗೆ ಗೆಲುವು ತಲಾ 15. ಸ್ಟ್ಯಾರ್ನನ್ ಏಳು ಡ್ರಾ, ಎಫ್‌ಎಚ್ ಆರು ಡ್ರಾ ಒಂದು ಸೋಲು. 52ಕ್ಕೆ 51. ಇದಕ್ಕಿಂತ ಸಣ್ಣ ಅಂತರ ಎಲ್ಲಿಂದ ತರುವುದು?

ಸ್ಟ್ಯಾರ್ನನ್ ಅದೃಷ್ಟದಿಂದ ಗೆದ್ದರು ಅಂತ ಸುಮಾರು ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಯಾಕೆ ಅಂತ ಕೆಳಗೆ ಬರೆಯುತ್ತೇನೆ. ಮೊದಲು ನಿಮ್ಮ ಅಭಿಪ್ರಾಯ ಹೇಳಿ.

ತುಂಗಾ_ತೀರ

ಐಸ್‌ಲ್ಯಾಂಡ್ ಜನಸಂಖ್ಯೆ ಆಗ ಎಷ್ಟಿತ್ತು ಅಂತ ಹುಡುಕಿದೆ. 2014ರ ಶುರುವಿಗೆ ಸುಮಾರು 3.25 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ಊರೊಂದರದ್ದೇ 3.22 ಲಕ್ಷ! ಅಂದರೆ ಶಿವಮೊಗ್ಗದಷ್ಟು ಜನ ಸೇರಿಕೊಂಡು 12 ತಂಡದ ಲೀಗ್ ನಡೆಸಿ, ಅದರ ಚಾಂಪಿಯನ್‌ನನ್ನು ಯುರೋಪಿಗೆ ಕಳಿಸುತ್ತಾರೆ. ನಮ್ಮಲ್ಲಿ ನೆಹರೂ ಕ್ರೀಡಾಂಗಣದಲ್ಲಿ ಒಂದು ಟೂರ್ನಮೆಂಟ್ ನಡೆದರೆ ಅದೇ ದೊಡ್ಡ ವಿಷಯ.

ಸ್ಟ್ಯಾರ್ನನ್ ಊರು ಯಾವುದು? ನಕ್ಷೆಯಲ್ಲಿ ಸಿಗಲಿಲ್ಲ.

ಗೌತಮಪುರ_10

@ತುಂಗಾ_ತೀರ ಗಾರ್ದಬೈರ್. ರಾಜಧಾನಿ ರೇಕ್ಯಾವಿಕ್‌ಗೆ ಅಂಟಿಕೊಂಡಂತೆ ಇದೆ. ಆಗ ಸುಮಾರು 14,000 ಜನ. ಉಳ್ಳವರ ಊರು ಅಂತ ಹೆಸರು. ಅದಕ್ಕೇ ಬೇರೆಯವರು ಅಣಕಿಸುವ ಮುಂಚೆ ಸ್ಟ್ಯಾರ್ನನ್ ಅಭಿಮಾನಿಗಳೇ ತಮ್ಮ ಬಳಗಕ್ಕೆ 'ಬೆಳ್ಳಿ ಚಮಚ' ಅಂತ ಹೆಸರಿಟ್ಟುಕೊಂಡಿದ್ದಾರೆ. ಅದರ ಪಕ್ಕದ್ದೇ ಹಾಫ್ನಾರ್‌ಫ್ಯೋರ್ದುರ್, ಬಂದರಿನ ಊರು, ಎಫ್‌ಎಚ್‌ನವರ ಜಾಗ. ಒಂದು ಮೈದಾನದಿಂದ ಇನ್ನೊಂದಕ್ಕೆ ಕೆಲವೇ ಕಿಲೋಮೀಟರ್.

ಆ ವರ್ಷದ 12 ತಂಡಗಳಲ್ಲಿ ಒಂಬತ್ತು ರೇಕ್ಯಾವಿಕ್ ಮತ್ತು ಅದರ ಸುತ್ತಲಿನ ಊರುಗಳವು. ಹೊರಗಿನವು ಮೂರೇ: ಕೆಫ್ಲಾವಿಕ್, ಉತ್ತರದ ಅಕುರೇರಿಯಿಂದ ಥೋರ್, ಮತ್ತೆ ವೆಸ್ಟ್‌ಮನ್ ದ್ವೀಪಗಳಿಂದ ಐಬಿವಿ. ಐಬಿವಿ ಮೈದಾನದ ಫೋಟೋ ನೋಡಿ, ಹಿಂದೆ ಬಂಡೆಗುಡ್ಡ ಗೋಡೆ ಥರ ನಿಂತಿದೆ. ಅಲ್ಲಿಗೆ ಹೋಗಬೇಕಾದರೆ ಸಮುದ್ರ ದಾಟಬೇಕು.

ಆಫ್‌ಸೈಡ್_ಅಣ್ಣ

ಅದೃಷ್ಟ ಅಲ್ಲದೆ ಮತ್ತೇನು ಗುರು? ಸ್ಟ್ಯಾರ್ನನ್‌ನ ಮೊದಲ ಗೋಲೇ ಆಫ್‌ಸೈಡ್ ಅಂತ ಎಫ್‌ಎಚ್‌ನವರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಆಗ ವಿಎಆರ್ (ವಿಡಿಯೊ ನೋಡಿ ತೀರ್ಪು ಕೊಡೋದು) ಇಲ್ಲ. ಎರಡನೇ ಗೋಲು ಇಂಜುರಿ ಟೈಮ್‌ನಲ್ಲಿ ಪೆನಾಲ್ಟಿ. ಎರಡನ್ನೂ ಹೊಡೆದವನು ಒಬ್ಬನೇ, ಓಲಾಫುರ್ ಕಾರ್ಲ್ ಫಿನ್ಸೆನ್. ಐದು ತಿಂಗಳ ಲೀಗ್ ರೆಫರಿಯ ಒಂದು ಸೀಟಿಗೆ ತೀರ್ಮಾನ ಆಯಿತು. ಇದನ್ನು 'ಅರ್ಹ ಚಾಂಪಿಯನ್' ಅಂತ ಹೇಗೆ ಕರೆಯೋದು?

ಗೌತಮಪುರ_10

ಅಣ್ಣ, ನಿಮ್ಮ ಹೆಸರೇ ಆಫ್‌ಸೈಡ್. ನೀವು ಬರುತ್ತೀರಿ ಅಂತ ಗೊತ್ತಿತ್ತು 😄

ಪಂದ್ಯವನ್ನು ಎಫ್‌ಎಚ್ ಕಡೆಯಿಂದ ನೋಡಿ. ವಿರಾಮಕ್ಕೆ ಮುಂಚೆ ಫಿನ್ಸೆನ್ ಗೋಲು, 0-1. ಎರಡನೇ ಅರ್ಧದಲ್ಲಿ ಸ್ಟೀವನ್ ಲೆನನ್, ಸ್ಕಾಟ್ಲೆಂಡಿನವನು, ಸಮ ಮಾಡಿದ. 1-1. ಈ ಅಂಕಿಯಲ್ಲಿ ಸೀಟಿ ಊದಿದರೆ ಕಪ್ ಎಫ್‌ಎಚ್‌ಗೆ. ಅದರ ಮೇಲೆ ಸ್ಟ್ಯಾರ್ನನ್‌ನ ವೈಗಾರ್ ಪಾಲ್ ಗುನ್ನಾರ್ಸನ್‌ಗೆ ಕೆಂಪು ಕಾರ್ಡ್. ತಂಡದಲ್ಲೇ ಅತಿ ಅನುಭವಿ ಆಟಗಾರ. ಅಂದರೆ ಸ್ವಂತ ಮೈದಾನ, ಡ್ರಾ ಸಾಕು, ಎದುರಾಳಿ ಹತ್ತೇ ಜನ. ಇದಕ್ಕಿಂತ ಇನ್ನೇನು ಬೇಕು? ಆದರೂ ಹತ್ತು ಜನರ ತಂಡ 93ನೇ ನಿಮಿಷದಲ್ಲಿ ಅವರ ಪೆನಾಲ್ಟಿ ಬಾಕ್ಸ್ ಒಳಗೆ ಚೆಂಡು ತಂದು ಆಡುತ್ತಿತ್ತು. ಅದು ರೆಫರಿಯ ತಪ್ಪಾ?

ಮತ್ತೆ ಎಫ್‌ಎಚ್ ಏನು ಹಸುಗೂಸುಗಳ ತಂಡ ಅಲ್ಲ. 2004ರಿಂದ 2012ರ ಒಳಗೆ ಆರು ಸಲ ಲೀಗ್ ಗೆದ್ದವರು. ಕೋಚ್ ಹೈಮಿರ್ ಗುದ್ಯೋನ್ಸನ್‌ಗೆ ಕಪ್ ಎತ್ತುವುದು ಹೊಸದಲ್ಲ. ಆ ಕಡೆ ಸ್ಟ್ಯಾರ್ನನ್ ಪುರುಷರ ತಂಡ ಅಲ್ಲಿಯವರೆಗೆ ಒಂದು ಸಲವೂ ಲೀಗ್ ಗೆದ್ದಿರಲಿಲ್ಲ. ಲೀಗ್ ಅಲ್ಲದೆ ಅಲ್ಲಿ ಸೋತವರು ಹೊರಬೀಳುವ ಕಪ್ ಟೂರ್ನಿಯೂ ಇದೆ. 2012ರ ಆ ಕಪ್ ಫೈನಲ್‌ನಲ್ಲಿ ರೇಕ್ಯಾವಿಕ್‌ನ ಕೆಆರ್ ಎದುರು ಸೋಲು. 2013ರಲ್ಲಿ ಮತ್ತೆ ಫೈನಲ್, ಫ್ರಾಮ್ ಎದುರು 3-3, ಪೆನಾಲ್ಟಿಯಲ್ಲಿ ಸೋಲು. ಫೈನಲ್ ಅಂದರೆ ಕಾಲು ನಡುಗುವ ತಂಡ ಅಂತ ಹಣೆಪಟ್ಟಿ ಬಿದ್ದಿತ್ತು. ಅಂಥವರು ಈ ಸಲ ಪೆನಾಲ್ಟಿ ಗೋಲಾಗಿಸಿದರು. ಹಿಂದಿನ ವರ್ಷ ಪೆನಾಲ್ಟಿಯಲ್ಲೇ ಕಪ್ ಕಳೆದುಕೊಂಡ ತಂಡ ಅನ್ನೋದು ನೆನಪಿರಲಿ.

ಮಲ್ಲೇಶ್ವರಂ_ಮಿಡ್‌ಫೀಲ್ಡ್

ಫ್ರಾಮ್ ವಿಷಯ ಬಂತಲ್ಲ, ಅವರ ಕಥೆ ಇನ್ನೂ ವಿಚಿತ್ರ. 2013ರಲ್ಲಿ ಸ್ಟ್ಯಾರ್ನನ್‌ನ ಸೋಲಿಸಿ ಕಪ್ ಗೆದ್ದ ಅದೇ ಫ್ರಾಮ್ 2014ರಲ್ಲಿ ಲೀಗ್‌ನಿಂದ ಕೆಳಗೆ ಬಿತ್ತು. ಜೊತೆಗೆ ಅಕುರೇರಿಯ ಥೋರ್.

ಹೊಸಬ_ಹಾಸನ

ಸರ್, ನಾನು ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಬಿಟ್ಟು ಬೇರೆ ಜಾಸ್ತಿ ನೋಡಲ್ಲ. ಸ್ಟ್ಯಾರ್ನನ್ ಹೆಸರು ಎಲ್ಲೋ ಕೇಳಿದ ಹಾಗಿದೆ. ಗೋಲು ಹೊಡೆದು ಮೀನು ಹಿಡಿಯೋ ಆಟ ಆಡುತ್ತಿದ್ದವರು ಇವರೇನಾ?

ಬ್ಲೂಸ್_ಬೆಂಗಳೂರು

@ಹೊಸಬ_ಹಾಸನ ಅವರೇ! 2010. ಗೋಲು ಹೊಡೆದವನು ಕೈಯಲ್ಲಿ ಗಾಳ ಇದ್ದ ಹಾಗೆ ಬೀಸುತ್ತಾನೆ. ದೂರದಲ್ಲಿ ಜೊತೆಗಾರನೊಬ್ಬ ಹುಲ್ಲಿನ ಮೇಲೆ ಬಿದ್ದು ಮೀನಿನ ಥರ ಪಟಪಟ ಒದ್ದಾಡುತ್ತಾನೆ. ಇವನು ದಾರ ಸುತ್ತುತ್ತಾನೆ, ಅವನು ಒದ್ದಾಡುತ್ತಲೇ ಹತ್ತಿರ ಬರುತ್ತಾನೆ. ಆಮೇಲೆ ಎಲ್ಲರೂ ಸೇರಿ 'ಮೀನನ್ನು' ಅಡ್ಡ ಎತ್ತಿ ಹಿಡಿದು ಸಾಲಾಗಿ ನಿಲ್ಲುತ್ತಾರೆ, ಒಬ್ಬ ಮುಂದೆ ಕೂತು ಫೋಟೋ ತೆಗೆಯುವ ಹಾಗೆ ನಟಿಸುತ್ತಾನೆ. ಆ ವಿಡಿಯೊ ಪ್ರಪಂಚ ಪೂರ್ತಿ ಓಡಿತ್ತು. ಆಮೇಲೆ ಹೆರಿಗೆ, ಸೈಕಲ್, ಕಮೋಡ್ ಅಂತ ಇನ್ನೂ ಏನೇನೋ ಮಾಡಿದರು.

ಐಎಸ್‌ಎಲ್ ಅಂದಿರಲ್ಲ, ಒಂದು ನಂಟು ಇದೆ. 2018ರ ಜನವರಿಯಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಬಂದ ಗುದ್ಯೋನ್ ಬಾಲ್ಡ್ವಿನ್ಸನ್ ನೆನಪಿದ್ದಾನಾ? ಸ್ಟ್ಯಾರ್ನನ್‌ನಿಂದಲೇ ಸಾಲವಾಗಿ ಬಂದವನು. 2014ರ ಚಾಂಪಿಯನ್ ತಂಡದಲ್ಲಿ ಅವನು ಇರಲಿಲ್ಲ, ಆಗ ಹೊರದೇಶದಲ್ಲಿ ಆಡುತ್ತಿದ್ದ. ಇನ್ನು ಆ ಕೆಂಪು ಕಾರ್ಡ್ ತಿಂದ ವೈಗಾರ್ ಪಾಲ್ ನಾರ್ವೆಯ ಸ್ಟಾಬೆಕ್‌ನಲ್ಲಿ ಆಡಿ 2008ರಲ್ಲಿ ಅಲ್ಲಿನ ಲೀಗ್ ಗೆದ್ದವನು. ನಮ್ಮ ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು 2014ರಲ್ಲಿ ಸೇರಿದ್ದು ಅದೇ ಸ್ಟಾಬೆಕ್‌ಗೆ. ಆ ಹೊತ್ತಿಗೆ ವೈಗಾರ್ ಅಲ್ಲಿಂದ ಹೊರಟು ವರ್ಷಗಳಾಗಿತ್ತು ಅನ್ನಿ.

ಹೊಸಬ_ಹಾಸನ

ಅಯ್ಯೋ ಸೂಪರ್. ಈಗಲೇ ನೋಡ್ತೀನಿ.

ಆಫ್‌ಸೈಡ್_ಅಣ್ಣ

ಮೀನು ಎಲ್ಲ ಸರಿ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಒಂದು ಪಂದ್ಯ ಗೆದ್ದದ್ದಕ್ಕೆ ಸೀಸನ್ ಪೂರ್ತಿ ಚೆನ್ನಾಗಿ ಆಡಿದರು ಅಂತ ಹೇಳೋಕಾಗಲ್ಲ. ಏಳು ಡ್ರಾ ಅಂದರೆ 14 ಅಂಕ ಬಿಟ್ಟುಕೊಟ್ಟರು ಅಂತ ಅರ್ಥ.

ಗೌತಮಪುರ_10

ಈಗ ವಿಷಯಕ್ಕೆ ಬಂದಿರಿ. ಆ ಏಳು ಡ್ರಾಗಳೇ ಸ್ಟ್ಯಾರ್ನನ್‌ನ ಉಳಿಸಿದ್ದು ಅನ್ನೋದು ನನ್ನ ವಾದ.

ಆ ಬೇಸಿಗೆ ಅವರಿಗೆ ಹೇಗಿತ್ತು ನೋಡಿ. ಅಲ್ಲಿನ ಲೀಗ್ ಮೇ ತಿಂಗಳಲ್ಲಿ ಶುರುವಾಗಿ ಅಕ್ಟೋಬರ್‌ಗೆ ಮುಗಿಯುತ್ತಿತ್ತು. ಚಳಿಗಾಲದಲ್ಲಿ ಹೊರಗೆ ಆಡೋಕಾಗಲ್ಲವಲ್ಲ. ಹಾಗಾಗಿ ಯುರೋಪಿನ ಅರ್ಹತಾ ಪಂದ್ಯಗಳು ಲೀಗ್‌ನ ನಟ್ಟನಡುವೆ ಬರುತ್ತವೆ. 2014ರಲ್ಲಿ ಸ್ಟ್ಯಾರ್ನನ್ ಯುರೋಪಾ ಲೀಗ್‌ಗೆ (ಚಾಂಪಿಯನ್ಸ್ ಲೀಗ್‌ನ ಕೆಳಗಿನ ಯುರೋಪಿಯನ್ ಟೂರ್ನಿ) ಇಳಿದರು. ಮೊದಲು ವೇಲ್ಸ್‌ನ ಬ್ಯಾಂಗರ್ ಸಿಟಿ: 4-0, 4-0. ಆಮೇಲೆ ಸ್ಕಾಟ್ಲೆಂಡಿನ ಮದರ್‌ವೆಲ್, ಆ ವರ್ಷ ಅಲ್ಲಿನ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದ ತಂಡ. ಅಲ್ಲಿ 2-2, ಇಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ 3-2. ಮುಂದೆ ಪೋಲೆಂಡಿನ ಲೆಹ್ ಪೊಜ್ನಾನ್. ಮನೆಯಲ್ಲಿ 1-0, ಅಲ್ಲಿ ಹೋಗಿ 0-0. ಅದೇ ಲೆಹ್ ಮುಂದಿನ ವರ್ಷ ಪೋಲಿಷ್ ಚಾಂಪಿಯನ್ ಆಯಿತು, ಅಂಥ ತಂಡ. ಪೊಜ್ನಾನ್‌ನಲ್ಲಿ ದೊಡ್ಡ ಸ್ಟೇಡಿಯಮ್ ಮುಂದೆ ಒಂದೂ ಗೋಲು ಬಿಟ್ಟುಕೊಡದೆ ನಿಂತದ್ದು ಇದೆಯಲ್ಲ, ಆ ತಂಡದ ಗುಣ ಅದೇ.

ಕೊನೆಗೆ ಎದುರಾದದ್ದು ಇಂಟರ್ ಮಿಲಾನ್! ರೇಕ್ಯಾವಿಕ್‌ನ ರಾಷ್ಟ್ರೀಯ ಮೈದಾನದಲ್ಲಿ 0-3, ಸ್ಯಾನ್ ಸಿರೋದಲ್ಲಿ 0-6. ಕೋವಾಚಿಚ್ ಹ್ಯಾಟ್ರಿಕ್. ಸರಿಯಾಗಿ ಹೊಡೆತ ಬಿತ್ತು. ಆಗಸ್ಟ್ 28ಕ್ಕೆ ಮಿಲಾನ್‌ನಲ್ಲಿ ಆರು ಗೋಲು ತಿಂದ ತಂಡ ಊರಿಗೆ ಬಂದು ಲೀಗ್‌ನಲ್ಲಿ ಕುಸಿಯಬೇಕಿತ್ತು. ಸಣ್ಣ ದೇಶಗಳ ಎಷ್ಟೋ ತಂಡಗಳಿಗೆ ಹಾಗೇ ಆಗುತ್ತದೆ. ಯುರೋಪ್ ಸಂಭ್ರಮದಲ್ಲಿ ಲೀಗ್ ಕೈ ಬಿಟ್ಟುಹೋಗುತ್ತದೆ. ಇವರಿಗೆ ಹಾಗಾಗಲಿಲ್ಲ. ಗೆಲ್ಲೋಕೆ ಆಗದ ದಿನ ಡ್ರಾ ಮಾಡಿಕೊಂಡು ಬಂದರು. ಆ ಏಳು ಡ್ರಾದಲ್ಲಿ ಒಂದೇ ಒಂದು ಸೋಲಾಗಿದ್ದರೂ 21ನೇ ಪಂದ್ಯದ ಹೊತ್ತಿಗೆ 48 ಅಂಕ. ಕೊನೇ ದಿನ ಎಫ್‌ಎಚ್‌ನ ಸೋಲಿಸಿದರೂ 51-51, ಆಮೇಲೆ ಗೋಲು ವ್ಯತ್ಯಾಸದ ಜಗಳ. ಎರಡು ಸೋಲಾಗಿದ್ದರೆ ಕೊನೇ ಪಂದ್ಯಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಇನ್ನೂ ಒಂದು. ಸೀಸನ್ ಶುರುವಿನಲ್ಲಿ ಗೋಲು ಹೊಡೆಯುತ್ತಿದ್ದ ಡೆನ್ಮಾರ್ಕ್‌ನ ಯೆಪ್ಪೆ ಹ್ಯಾನ್ಸನ್ ಅರ್ಧಕ್ಕೇ ವಾಪಸ್ ಹೋದ. ಅವನ ಜಾಗಕ್ಕೆ ಬಂದವನು ಇನ್ನೊಬ್ಬ ಡೇನ್, ರೋಲ್ಫ್ ಟಾಫ್ಟ್. ಲೆಹ್ ಎದುರಿನ ಆ 1-0 ಗೋಲು ಇವನದೇ. ಸೀಸನ್ ಮಧ್ಯದಲ್ಲಿ ಹೊಸ ಸ್ಟ್ರೈಕರ್ ತಂದು ತಂಡ ನಡೆಸಿದ್ದು ಕೋಚ್ ರೂನಾರ್ ಪಾಲ್ ಸಿಗ್ಮುಂಡ್ಸನ್. ಆ ತಂಡದ ಮುಖ್ಯ ಕೋಚ್ ಆಗಿ ಅವನ ಮೊದಲ ಸೀಸನ್ ಅದು.

ಮಲ್ಲೇಶ್ವರಂ_ಮಿಡ್‌ಫೀಲ್ಡ್

ಗೋಲ್‌ಕೀಪರ್ ಹೆಸರು ಹೇಳದೆ ಹೋದರೆ ಹೇಗೆ ಗುರು? ಇಂಗ್ವಾರ್ ಯೋನ್ಸನ್. ಆ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವನಿಗೇ. ಕೀಪರ್‌ಗೆ ಆ ಪ್ರಶಸ್ತಿ ಕೊಟ್ಟರು ಅಂದರೆ ತಂಡ ಹೇಗೆ ನಿಂತಿತ್ತು ಅಂತ ಅರ್ಥ ಆಗುತ್ತದೆ. ಅತಿ ಹೆಚ್ಚು ಗೋಲು ಹೊಡೆದವನು ಸ್ಟ್ಯಾರ್ನನ್‌ನವನೂ ಅಲ್ಲ, ಎಫ್‌ಎಚ್‌ನವನೂ ಅಲ್ಲ. ಕೆಆರ್‌ನ ಇಂಗ್ಲಿಷ್ ಹುಡುಗ ಗ್ಯಾರಿ ಮಾರ್ಟಿನ್, 13 ಗೋಲು. ಕೆಆರ್ ಮೂರನೇ ಸ್ಥಾನ.

ಡಿಫೆನ್ಸ್‌ನಲ್ಲಿ ಡೇನಿಯಲ್ ಲಾಕ್ಸ್‌ದಾಲ್ ಅಂತ ಇದ್ದ. ಸ್ಟ್ಯಾರ್ನನ್ ಎರಡನೇ ದರ್ಜೆಯಲ್ಲಿದ್ದ ಕಾಲದಿಂದ ಅದೇ ತಂಡದಲ್ಲಿ ಆಡಿದವನು. ದುಡ್ಡಿಗಾಗಿ ಆಟಗಾರರು ವರ್ಷಕ್ಕೊಂದು ಕ್ಲಬ್ ಬದಲಾಯಿಸೋ ಲೀಗ್‌ಗಳಲ್ಲಿ ಇಂಥವರು ಈಗ ಸಿಗಲ್ಲ.

ಕರಾವಳಿ_ಕಾರ್ನರ್

ಎಫ್‌ಎಚ್ ಪರ ಒಂದು ಮಾತು. ಪಾಪ ಯಾರೂ ಅವರ ಕಡೆ ಮಾತಾಡ್ತಿಲ್ಲ 🙂

ಆ ತಂಡದಲ್ಲಿ ಯೋನ್ ರಗ್ನಾರ್ ಯೋನ್ಸನ್ ಅಂತ ರೈಟ್ ಬ್ಯಾಕ್ ಇದ್ದ. ಅವನು ಐಸ್‌ಲ್ಯಾಂಡ್‌ನ ಹೆಸರಾಂತ ಪಾಪ್ ಗಾಯಕ ಕೂಡ. ಊರಿಗೆಲ್ಲ ಗೊತ್ತಿರುವ ಗಾಯಕ ವಾರಾಂತ್ಯಕ್ಕೆ ಬೂಟು ಕಟ್ಟಿಕೊಂಡು ಲೀಗ್ ಆಡುತ್ತಾನೆ! ಸಣ್ಣ ದೇಶ ಅಂದರೆ ನನಗೆ ಇಷ್ಟವಾಗೋದು ಇದೇ. ಅಲ್ಲಿ ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಹೈಮಿರ್ ಹಾಲ್ಗ್ರಿಮ್ಸನ್ ದಂತವೈದ್ಯ, ಗೊತ್ತಲ್ವಾ? 2016ರ ಯೂರೋದಲ್ಲಿ ಇಂಗ್ಲೆಂಡ್‌ನ 2-1 ಸೋಲಿಸಿದಾಗ ಎಲ್ಲ ಪತ್ರಿಕೆಗಳಲ್ಲೂ ಅದೇ ಬಂತು.

ಇನ್ನು ಆ ಸೋಲಿನ ನಂತರ ಎಫ್‌ಎಚ್ ಏನು ಮಾಡಿತು ನೋಡಿ. 2015ರಲ್ಲಿ ಚಾಂಪಿಯನ್. 2016ರಲ್ಲಿ ಮತ್ತೆ ಚಾಂಪಿಯನ್. ಅಳುತ್ತಾ ಕೂರಲಿಲ್ಲ. ಸ್ಟ್ಯಾರ್ನನ್ ಆ ಕಡೆ 2015ರಲ್ಲಿ ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಸೆಲ್ಟಿಕ್ ಕೈಯಲ್ಲಿ ಪೆಟ್ಟು ತಿಂದು ಮನೆಗೆ. ಲೀಗ್ ಪಟ್ಟ ಆಮೇಲೆ ಅವರಿಗೆ ಸಿಗಲೇ ಇಲ್ಲ, 2018ರಲ್ಲಿ ಒಂದು ಕಪ್ ಸಿಕ್ಕಿತು ಅಷ್ಟೆ.

ಅಂಕಣದ_ಅಕ್ಕ

ಎಲ್ಲರೂ ಗಂಡಸರ ತಂಡದ್ದೇ ಹೇಳ್ತಿದ್ದೀರಿ. 2014ರಲ್ಲಿ ಸ್ಟ್ಯಾರ್ನನ್ ಮಹಿಳಾ ತಂಡ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತ್ತು. ಅದಕ್ಕೂ ಮುಂಚೆ 2011, 2013ರಲ್ಲೂ ಲೀಗ್ ಗೆದ್ದಿದ್ದರು. ಸ್ಟ್ರೈಕರ್ ಹಾರ್ಪಾ ಥೋರ್‌ಸ್ಟೈನ್ಸ್‌ದೋತ್ತಿರ್ ಹೆಸರು ಹುಡುಕಿ ನೋಡಿ. ಅಂದರೆ ಆ ಕ್ಲಬ್‌ಗೆ ಚಾಂಪಿಯನ್ ಆಗೋದು ಹೇಗೆ ಅಂತ ಮೊದಲು ತೋರಿಸಿದ್ದು ಹೆಣ್ಣುಮಕ್ಕಳು. ಗಂಡಸರು ಮೂರು ವರ್ಷ ತಡವಾಗಿ ಬಂದರು.

ಗೌತಮಪುರ_10

ಅಕ್ಕ ಹೇಳಿದ್ದು ನೂರಕ್ಕೆ ನೂರು. ಒಂದೇ ಕ್ಲಬ್, ಒಂದೇ ಕೃತಕ ಹುಲ್ಲಿನ ಮೈದಾನ, ಒಂದೇ ವರ್ಷ ಎರಡೂ ಲೀಗ್. 14,000 ಜನರ ಊರಿಗೆ!

ತುಂಗಾ_ತೀರ

ಚಳಿಗಾಲದಲ್ಲಿ ಹೊರಗೆ ಆಡೋಕಾಗಲ್ಲ ಅಂದಿರಿ. ಮತ್ತೆ ಮಕ್ಕಳು ಆಟ ಕಲಿಯೋದು ಯಾವಾಗ?

ಕರಾವಳಿ_ಕಾರ್ನರ್

ಒಳಾಂಗಣದಲ್ಲಿ. ಪೂರ್ತಿ ಅಳತೆಯ ಮೈದಾನವನ್ನೇ ಸೂರಿನ ಕೆಳಗೆ ಕಟ್ಟಿದ್ದಾರೆ. ಮೊದಲನೆಯದು 2000ದಲ್ಲಿ ಕೆಫ್ಲಾವಿಕ್ ಕಡೆ ಬಂತು, ಆಮೇಲೆ ಊರೂರಿಗೆ. ಕಟ್ಟಿಸೋದು ಹೆಚ್ಚಾಗಿ ಪುರಸಭೆಗಳು, ಕ್ಲಬ್‌ಗಳು ಬಳಸುತ್ತವೆ. ಏಳೆಂಟು ವರ್ಷದ ಮಕ್ಕಳಿಗೂ ಯುಇಎಫ್‌ಎ ಲೈಸೆನ್ಸ್ ಇರೋ ಕೋಚ್, ಅವರಿಗೆ ಸಂಬಳ. ನಮ್ಮಲ್ಲಿ ಪಿ.ಟಿ. ಮೇಷ್ಟ್ರು ಒಬ್ಬರೇ ಖೋ ಖೋದಿಂದ ಚೆಸ್‌ವರೆಗೂ ನೋಡಿಕೊಳ್ಳಬೇಕು.

ಆಫ್‌ಸೈಡ್_ಅಣ್ಣ

ಸರಿ, ಡ್ರಾ ಲೆಕ್ಕ ಒಪ್ಪಿದೆ. ಆಫ್‌ಸೈಡ್ ಮಾತ್ರ ಬಿಡಲ್ಲ. ಆದರೆ ಕೊನೇ ಸುತ್ತಿನಲ್ಲಿ ಮೊದಲೆರಡು ತಂಡ ಎದುರಾದದ್ದು ವೇಳಾಪಟ್ಟಿಯ ಕೃಪೆ ತಾನೇ? 11ನೇ ಸುತ್ತಿನಲ್ಲಿ ಒಂದು ಸಲ, 22ರಲ್ಲಿ ಇನ್ನೊಂದು ಸಲ. ಬೇರೆ ಯಾರ ಜೊತೆಗೋ ಬಿದ್ದಿದ್ದರೆ ಎಫ್‌ಎಚ್ ಆರಾಮಾಗಿ ಗೆದ್ದು ಮುಗಿಸುತ್ತಿತ್ತು. ಅಂದಹಾಗೆ ಇಬ್ಬರೂ ಸೋಲದೆ ಬಂದಿದ್ದಾರೆ ಅಂದರೆ ಮೊದಲ ಸಲ ಎದುರಾದಾಗ ಡ್ರಾ ಆಗಿರಲೇಬೇಕು.

ಗೌತಮಪುರ_10

ಹೌದು, ಅದು ವೇಳಾಪಟ್ಟಿಯ ಕೃಪೆಯೇ. ಅದನ್ನು ಅಲ್ಲಗಳೆಯಲ್ಲ. ತಮಾಷೆ ಏನಂದರೆ, ಈಗ ಅವರು ಅಂಥ ಕೃಪೆಯನ್ನೇ ನಿಯಮ ಮಾಡಿಕೊಂಡಿದ್ದಾರೆ. 2022ರಿಂದ 22 ಸುತ್ತು ಮುಗಿದ ಮೇಲೆ ಲೀಗ್ ಎರಡು ಹೋಳು. ಮೇಲಿನ ಆರು ತಂಡ ತಮ್ಮೊಳಗೆ ಇನ್ನೂ ಐದು ಪಂದ್ಯ, ಕೆಳಗಿನ ಆರು ತಮ್ಮೊಳಗೆ ಐದು. ಒಟ್ಟು 27. ಅಂಕ ಹಾಗೇ ಮುಂದುವರಿಯುತ್ತದೆ. ಹೀಗಾದರೆ ಕೊನೆಯಲ್ಲಿ ದೊಡ್ಡ ತಂಡಗಳು ಪರಸ್ಪರ ಎದುರಾಗಲೇಬೇಕು.

2024ರಲ್ಲಿ ಅದು ಫಲ ಕೊಟ್ಟಿತು. ಅಕ್ಟೋಬರ್ 27, ಕೊನೇ ಪಂದ್ಯ, ವೀಕಿಂಗುರ್ ಮತ್ತು ಬ್ರೈದಾಬ್ಲಿಕ್ ಸಮ ಅಂಕ. ಗೋಲು ವ್ಯತ್ಯಾಸದಲ್ಲಿ ವೀಕಿಂಗುರ್ ಮುಂದೆ, ಮೈದಾನವೂ ಅವರದೇ, ಡ್ರಾ ಆದರೂ ಸಾಕು. ಬ್ರೈದಾಬ್ಲಿಕ್ 3-0 ಗೆದ್ದುಕೊಂಡು ಹೋಯಿತು. ಹತ್ತು ವರ್ಷದ ನಂತರ ಮತ್ತೆ ಡ್ರಾ ಸಾಕು ಅಂತ ಆತಿಥೇಯರು, ಮತ್ತೆ ಕಪ್ ಎತ್ತಿದ್ದು ಅತಿಥಿಗಳು.

ಮಲ್ಲೇಶ್ವರಂ_ಮಿಡ್‌ಫೀಲ್ಡ್

ನನಗೆ ಈ ಹೋಳು ಪದ್ಧತಿ ಇಷ್ಟ ಇಲ್ಲ. 22 ಪಂದ್ಯದಲ್ಲಿ ಚೆನ್ನಾಗಿ ಆಡಿ ಮೇಲೆ ಬಂದವನಿಗೆ ಮತ್ತೆ ಅದೇ ಐದು ತಂಡಗಳ ಜೊತೆ ಮೂರನೇ ಸಲ ಆಡು ಅನ್ನೋದು ಯಾವ ನ್ಯಾಯ? ಅದೂ ಕೆಲವರ ಜೊತೆ ಎರಡು ಸಲ ಮನೆಯಲ್ಲಿ, ಕೆಲವರ ಜೊತೆ ಎರಡು ಸಲ ಹೊರಗೆ. 2014 ಚೆಂದ ಇದ್ದದ್ದೇ ಯಾರೂ ಹಾಗೆ ಜೋಡಿಸಿರಲಿಲ್ಲ ಅನ್ನೋ ಕಾರಣಕ್ಕೆ. ಮತ್ತೆ ಆ ಪದ್ಧತಿ ಬಂದ ಮೇಲೂ 2022, 2023ರಲ್ಲಿ ಕೊನೇ ಸುತ್ತು ಬರುವ ಮೊದಲೇ ಚಾಂಪಿಯನ್ ಯಾರು ಅಂತ ತೀರ್ಮಾನ ಆಗಿಹೋಗಿತ್ತು. ಎಲ್ಲ ವರ್ಷ ಪಟಾಕಿ ಹಾರಲ್ಲ.

ಬ್ಲೂಸ್_ಬೆಂಗಳೂರು

ನ್ಯಾಯಕ್ಕಿಂತ ಪಂದ್ಯಗಳ ಸಂಖ್ಯೆ ಮುಖ್ಯ ಅವರಿಗೆ. 22 ಪಂದ್ಯ ಅಂದರೆ ಬಹಳ ಕಡಿಮೆ. ಆಟಗಾರರಿಗೆ ಪಂದ್ಯ ಬೇಕು, ಕ್ಲಬ್‌ಗೆ ಟಿಕೆಟ್ ದುಡ್ಡು ಬೇಕು. ಹೆಚ್ಚು ಕಠಿಣ ಪಂದ್ಯ ಆಡಿದರೆ ಯುರೋಪಿನಲ್ಲಿ ಉಳಿಯುತ್ತಾರೆ. 2023ರಲ್ಲಿ ಬ್ರೈದಾಬ್ಲಿಕ್ ಯುರೋಪಿನ ಮೂರನೇ ಟೂರ್ನಿ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತಕ್ಕೆ ಹೋಯಿತು, ಐಸ್‌ಲ್ಯಾಂಡ್‌ನ ಯಾವ ಪುರುಷರ ಕ್ಲಬ್ಬೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಅದು ಪದ್ಧತಿ ಬದಲಾದ ಮರುವರ್ಷವೇ. ಅದರಿಂದಲೇ ಆಯಿತು ಅಂತ ಹೇಳ್ತಿಲ್ಲ, ಆದರೆ ನಷ್ಟ ಅಂತೂ ಆಗಲಿಲ್ಲ.

ಆಫ್‌ಸೈಡ್_ಅಣ್ಣ

ಇಂಟರ್ ಎದುರು 0-9 ಆಗಿ ಸೋತ ತಂಡದಿಂದ ಗುಂಪು ಹಂತದವರೆಗೆ ಒಂಬತ್ತು ವರ್ಷ. ಪರವಾಗಿಲ್ಲ ಬಿಡಿ.

ಹೊಸಬ_ಹಾಸನ

ಮೀನಿನ ವಿಡಿಯೊ ನೋಡಿದೆ, ಮನೆಯವರೆಲ್ಲ ಸೇರಿ ನಕ್ಕು ನಕ್ಕು ಸಾಕಾಯ್ತು. ಮುಂದಿನ ಸೀಸನ್ ನಾನೂ ನೋಡ್ಬೇಕು. ಯಾವಾಗ ಶುರು, ನಮ್ಮಲ್ಲಿ ಎಷ್ಟು ಗಂಟೆಗೆ ಬರುತ್ತೆ?

ಗೌತಮಪುರ_10

ಈಗ ಏಪ್ರಿಲ್‌ನಲ್ಲೇ ಶುರು ಮಾಡುತ್ತಾರೆ. ನಾವು ಐದೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 7:15ರ ಪಂದ್ಯ ಅಂದರೆ ನಮಗೆ ರಾತ್ರಿ 12:45. ಜೂನ್‌ನಲ್ಲಿ ನೋಡಿದರೆ ನಿಮ್ಮ ಕಿಟಕಿಯಲ್ಲಿ ಕಗ್ಗತ್ತಲು, ಅಲ್ಲಿ ಪಂದ್ಯ ಮುಗಿದರೂ ಹಗಲು. ಬೆಳಿಗ್ಗೆ ಆಫೀಸು ಇರೋರು ಮಧ್ಯಾಹ್ನದ ಪಂದ್ಯಗಳನ್ನು ಹುಡುಕಿ, ಅವು ರಾತ್ರಿ ಊಟದ ಹೊತ್ತಿಗೆ ಬರುತ್ತವೆ. ಯಾವ ತಂಡದ ಕಡೆ ಅಂತ ಮೊದಲೇ ಹೇಳಿಬಿಡಿ, ಇಲ್ಲಿ ಎಫ್‌ಎಚ್ ಕಡೆ ಕರಾವಳಿಯವರು ಒಬ್ಬರೇ ಇದ್ದಾರೆ.

ಕರಾವಳಿ_ಕಾರ್ನರ್

ಬನ್ನಿ ಹಾಸನದವರೇ, ನಮ್ಮ ಕಡೆ ಜಾಗ ಖಾಲಿ ಇದೆ.

ಹೊಸಬ_ಹಾಸನ

ಕ್ಷಮಿಸಿ ಸರ್, ಮೀನಿನವರ ಕಡೆ 🐟